ಮೆಟ್ಟಿಲ ಕೆಳಗಿನ ಚಿಪ್ಪುಗಳು

ನನ್ನ ಮೂಗಿನ ಬಗ್ಗೆ ನನಗೆ ಮೊದಲಿನಿಂದಲೂ ಜಂಬ. ಹಾಲು ಒಡೆಯುವುದಕ್ಕೆ ಮುಂಚೆಯೇ ನನಗೆ ಗೊತ್ತಾಗುತ್ತದೆ. ಕೊನೆಯ ಬೆಂಚಿನಲ್ಲಿ ಯಾರಾದರೂ ಗುಟ್ಕಾ ಹಾಕಿ ಕೂತಿದ್ದರೆ ಬೋರ್ಡಿನ ಹತ್ತಿರ ನಿಂತೇ ಹಿಡಿಯುತ್ತೇನೆ. ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಶುರುಮಾಡಿ ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಸ್ಟಾಫ್ ರೂಮಿನಲ್ಲಿ ಯಾರ ಊಟದ ಡಬ್ಬಿಯಲ್ಲಿ ಏನಿದೆ ಎಂದು ಮುಚ್ಚಳ ತೆಗೆಯುವ ಮೊದಲೇ ಹೇಳಿ ಎಲ್ಲರನ್ನೂ ನಗಿಸುವುದು ನನ್ನ ಚಾಳಿ. ಈ ಮೂಗನ್ನು ನಂಬಿಕೊಂಡು ನಾನು ಒಬ್ಬ ಹುಡುಗಿಯನ್ನು ಮನೆ ಬಿಡಿಸಿದೆ. ವಾಸನೆ ಅವಳ ಅಡುಗೆಯದಾಗಿರಲಿಲ್ಲ. ಕರಾವಳಿಯ ಕೆಸರಿನಿಂದ ನಾನೇ ಆರಿಸಿ ತಂದು ನನ್ನ ಮನೆಯ ಮೆಟ್ಟಿಲ ಕೆಳಗೆ ಇಟ್ಟುಕೊಂಡಿದ್ದ ಒಂದು ಬೊಗಸೆ ಬಸವನಹುಳುಗಳದು. ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಕೊನೆಯವರೆಗೆ ಮುಚ್ಚಿಟ್ಟು ಹೇಳುವಂಥ ಕಥೆ ಇದಲ್ಲ, ಮುಚ್ಚಿಟ್ಟಿದ್ದು ಆಗಲೇ ಸಾಕಷ್ಟಾಗಿದೆ.

ನಮ್ಮ ಮನೆ ಇರುವುದು ತುಮಕೂರಿನ ಸದಾಶಿವನಗರದಲ್ಲಿ. ಕೆಳಗೆ ನಾವು ಮೂವರು, ನಾನು, ನಮ್ಮ ಯಜಮಾನರು, ನಮ್ಮತ್ತೆ. ಮೇಲೆ ಒಂದು ರೂಮು, ಅಡುಗೆಮನೆ, ಬಚ್ಚಲು. ಅದನ್ನು ಬಾಡಿಗೆಗೆ ಕೊಡುತ್ತೇವೆ. ಮೇಲಕ್ಕೆ ಹೋಗುವ ಮೆಟ್ಟಿಲು ನಮ್ಮ ಮುಂಬಾಗಿಲಿನ ಪಕ್ಕದಲ್ಲೇ ಇದೆ, ಅದರ ಕೆಳಗೆ ನಮ್ಮ ಚಪ್ಪಲಿ ಸ್ಟ್ಯಾಂಡು. ಮನೆ ಖಾಲಿಯಾದಾಗ ಗೇಟಿಗೆ ತೂಗುಹಾಕುವ ಬೋರ್ಡಿನಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದು ಕೆಂಪಕ್ಷರದಲ್ಲಿ ಬರೆಸಿದ್ದೇವೆ. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆತನ, ಅತ್ತೆ ಲಿಂಗಪೂಜೆ ಆಗದೆ ಒಂದು ತೊಟ್ಟು ನೀರು ಮುಟ್ಟುವವರಲ್ಲ. ನಮ್ಮ ರಸ್ತೆಯಲ್ಲಿ ಎಲ್ಲರ ಬೋರ್ಡಿನಲ್ಲೂ ಅದೇ ಸಾಲು ಇರುತ್ತದೆ. ಅದನ್ನು ಓದುವವರಿಗೆ ಹೇಗನ್ನಿಸುತ್ತದೆ ಎಂದು ನಾನು ಒಂದು ದಿನವೂ ಯೋಚಿಸಿದವಳಲ್ಲ.

ಆ ಹುಡುಗಿ ಬಂದಿದ್ದು ಹೋದ ವರ್ಷ, ಸಂಕ್ರಾಂತಿ ಕಳೆದ ಮೇಲೆ. ವಯಸ್ಸು ಇಪ್ಪತ್ತೈದೋ ಇಪ್ಪತ್ತಾರೋ. ಊರು ಕುಣಿಗಲ್. ತುಮಕೂರಿನಲ್ಲಿ ರಕ್ತ ಪರೀಕ್ಷೆಯ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಜನ ಬೆಳಗ್ಗೆ ಆರೂವರೆಗೇ ಬಂದು ಕೂರುತ್ತಾರಂತೆ. ಕುಣಿಗಲ್ಲಿನ ಬಸ್ಸು ಹಿಡಿದು ಅಷ್ಟು ಹೊತ್ತಿಗೆ ತಲುಪುವುದಕ್ಕಾಗದು, ಅದಕ್ಕೇ ಟೌನಿನಲ್ಲಿ ರೂಮು ಬೇಕಾಗಿತ್ತು. ಗೇಟಿನ ಹೊರಗೇ ನಿಂತು ಬೋರ್ಡನ್ನು ಓದಿದಳು, ಒಳಗೆ ಬರಲಿಲ್ಲ.

“ಮೇಡಂ, ನಾವು ಮನೇಲಿ ತಿನ್ನೋರು. ನಮ್ಮಪ್ಪ ಕುಣಿಗಲ್ ದೊಡ್ಡಕೆರೇಲಿ ಮೀನು ಹಿಡೀತಾರೆ. ಇಲ್ಲಿ ಮಾಡಲ್ಲ, ತರೋದೂ ಇಲ್ಲ. ಸುಳ್ಳು ಹೇಳಿ ಸೇರ್ಕೊಳ್ಳೋಕೆ ಇಷ್ಟ ಇಲ್ಲ, ಅದ್ಕೇ ಮೊದ್ಲೇ ಹೇಳ್ತಿದೀನಿ” ಎಂದಳು.

ನನಗೆ ಅವಳು ಇಷ್ಟವಾದಳು. ಅದಕ್ಕಿಂತ ಹೆಚ್ಚಾಗಿ ನಾನೇ ನನಗೆ ಇಷ್ಟವಾದೆ. ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಕೂತು, “ನಾನು ಜಾತಿ ಗೀತಿ ನೋಡಲ್ಲಪ್ಪ, ಮಾತು ಕೊಟ್ಲು, ಮನೆ ಕೊಟ್ಟೆ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಒಬ್ಬ ಟೀಚರು “ನಿಮ್ ಥರ ಎಲ್ರೂ ಇರಬೇಕು” ಎಂದರು. ಆ ಮಾತನ್ನು ಮನೆಗೆ ಹೋಗುವವರೆಗೂ ಬಸ್ಸಿನಲ್ಲಿ ಚಪ್ಪರಿಸಿಕೊಂಡು ಹೋಗಿದ್ದು ಈಗ ನೆನಪಾದರೆ ಮೈ ಹಿಡಿಯಾಗುತ್ತದೆ.

ಏಪ್ರಿಲ್‌ನಲ್ಲಿ ಪರೀಕ್ಷೆ, ರಿಸಲ್ಟು ಎಲ್ಲ ಮುಗಿದ ಮೇಲೆ ನಾವು ಏಳೆಂಟು ಟೀಚರುಗಳು ಸೇರಿ ಗಾಡಿ ಮಾಡಿಕೊಂಡು ಕರಾವಳಿಗೆ ಹೋದೆವು. ದೇವಸ್ಥಾನಗಳಾದವು, ಬೀಚಿನಲ್ಲಿ ಸೀರೆ ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡಿದ್ದೂ ಆಯಿತು. ವಾಪಸು ಬರುವ ದಿನ ಕುಮಟಾ ಹತ್ತಿರ, ಹೊಳೆ ಸಮುದ್ರ ಸೇರುವ ಕಡೆ, ಟೀ ಕುಡಿಯಲು ನಿಲ್ಲಿಸಿದರು. ಇಳಿತದ ಹೊತ್ತು. ನೀರು ಹಿಂದಕ್ಕೆ ಸರಿದು ಕಣ್ಣು ಹಾಯಿಸಿದಷ್ಟೂ ಕಪ್ಪು ಕೆಸರಿನ ಬಯಲು ಬಿದ್ದಿತ್ತು. ಉಳಿದವರು ಮೂಗು ಮುಚ್ಚಿಕೊಂಡು ಅಂಗಡಿಯ ನೆರಳಿಗೆ ಹೋದರು. ನಾನು ಸ್ಯಾಂಡಲ್ಸ್ ಹಾಕಿಕೊಂಡೇ ಕೆಸರಿಗಿಳಿದೆ.

ಅಲ್ಲಿ ಬಸವನಹುಳುಗಳಿದ್ದವು. ಒಂದೆರಡಲ್ಲ, ಕಾಲಿಡಲು ಜಾಗ ಹುಡುಕಬೇಕು ಅಷ್ಟು. ಮಳೆಗಾಲದಲ್ಲಿ ನಮ್ಮ ಕಾಂಪೌಂಡಿನ ಮೇಲೆ ಹರಿದಾಡುವ ದಪ್ಪನೆಯವಲ್ಲ. ಕಿರುಬೆರಳಿನ ಗೆಣ್ಣಿನಷ್ಟುದ್ದ, ಸುತ್ತು ಸುತ್ತಾಗಿ ಮೊನೆಯಾಗುವ ಕಂದು ಚಿಪ್ಪು, ಅದರ ಮೇಲೆ ಸಾಲಾಗಿ ಸಣ್ಣ ಏಣುಗಳು. ಕೆಸರಿನ ಮೇಲಿನ ತೆಳು ಪಾಚಿಯನ್ನು ಕೆರೆದು ತಿನ್ನುತ್ತಾ ಹೋದ ಕಡೆಯೆಲ್ಲ ಗೀರು ಬಿದ್ದಿತ್ತು, ಒಂದನೇ ಕ್ಲಾಸಿನ ಮಗು ಸ್ಲೇಟಿನ ಮೇಲೆ ಗೀಚಿದ ಹಾಗೆ. ನನಗೆ ಗುಬ್ಬಿಯ ನನ್ನ ಮಕ್ಕಳು ನೆನಪಾದರು. ಅವರಲ್ಲಿ ಮುಕ್ಕಾಲುಪಾಲು ಸಮುದ್ರ ನೋಡಿದವರಲ್ಲ. ಇವುಗಳ ಚಿಪ್ಪನ್ನಾದರೂ ತೋರಿಸೋಣ ಎಂದುಕೊಂಡೆ.

ಹರಿದಾಡುತ್ತಿದ್ದವನ್ನು ನಾನು ಮುಟ್ಟಲಿಲ್ಲ. ಜೀವ ತೆಗೆಯಬಾರದಲ್ಲ, ಸಸ್ಯಾಹಾರಿ ನಾನು. ನೀರಾರಿದ ಒಂದು ದಿಬ್ಬದ ಮೇಲೆ ಅಲ್ಲಾಡದೆ ಬಿದ್ದಿದ್ದವನ್ನು ಆರಿಸಿ ಆರಿಸಿ ಸೆರಗಿಗೆ ಹಾಕಿಕೊಂಡೆ. ಸ್ವಲ್ಪ ದೂರದಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಚಿಪ್ಪಿ ಆಯುತ್ತಿದ್ದ ಹೆಂಗಸೊಬ್ಬಳು ಸೊಂಟ ನೆಟ್ಟಗೆ ಮಾಡಿ ನನ್ನನ್ನು ನೋಡಿದಳು.

“ಅಮ್ಮಾ, ಅದ್ರಲ್ಲಿ ಜೀವ ಉಂಟು” ಎಂದಳು.

ನಾನು ಒಂದನ್ನೆತ್ತಿ ಅವಳಿಗೆ ಕಾಣುವಂತೆ ಅಲ್ಲಾಡಿಸಿ, “ಇಲ್ಲಮ್ಮ, ಖಾಲಿ ಇದೆ” ಎಂದೆ. ಅವಳು ಮತ್ತೆ ಬಗ್ಗಿದಳು. ಗಾಡಿ ಮಾಡಿಕೊಂಡು ಬಂದ ಹೆಂಗಸಿನ ಜೊತೆ ವಾದ ಮಾಡಿ ಅವಳಿಗೇನಾಗಬೇಕಿತ್ತು?

ಇಲ್ಲೊಂದು ಮಾತು ಹೇಳಲೇಬೇಕು. ಇಂಥ ಹುಳುಗಳ ಕಾಲಿನ ಹಿಂಬದಿಗೆ ಒಂದು ಪುಟ್ಟ ಮುಚ್ಚಳ ಇರುತ್ತದೆ, ನೀರಿಲ್ಲದಾಗ ಒಳಗೆ ಸರಿದು ಅದನ್ನು ಎಳೆದುಕೊಂಡು ದಿನಗಟ್ಟಲೆ ಹಾಗೇ ಬದುಕಿರಬಲ್ಲವು ಎಂದು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಬೋರ್ಡಿನ ಮೇಲೆ ಚಿತ್ರ ಬರೆದು ಮುಚ್ಚಳಕ್ಕೆ ಬಣ್ಣದ ಸೀಮೆಸುಣ್ಣ ಹಚ್ಚುತ್ತೇನೆ. ಆ ದಿನ ಪ್ರತಿ ಚಿಪ್ಪಿನ ಬಾಯಲ್ಲೂ ಅದೇ ಮುಚ್ಚಳ ಕಂದು ಬಣ್ಣಕ್ಕೆ ಕಾಣುತ್ತಿತ್ತು. ಒಣಗಿದ ಕೆಸರು ಎಂದುಕೊಂಡೆ.

ಚಿಪ್ಪುಗಳನ್ನೂ ಕೆಸರಾದ ಸ್ಯಾಂಡಲ್ಸನ್ನೂ ಒಂದೇ ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿದೆ. ಮನೆಗೆ ಬಂದವಳೇ ಆ ಕವರನ್ನು ಚಪ್ಪಲಿ ಸ್ಟ್ಯಾಂಡಿನ ತಳದ ಅರೆಗೆ, ಹಳೇ ಶೂಗಳ ಹಿಂದಕ್ಕೆ ತಳ್ಳಿದೆ. ನಾಳೆ ತೊಳೆದರಾಯಿತು ಎಂದುಕೊಂಡಿದ್ದು ಅಷ್ಟೇ, ಮಾರನೇ ದಿನಕ್ಕೆ ಮರೆತುಹೋಯಿತು. ಅವು ಕೂಡಲೇ ಸತ್ತಿದ್ದರೆ ಎರಡೇ ದಿನಕ್ಕೆ ನಾತ ಬಂದು ನನಗೆ ನೆನಪಾಗುತ್ತಿತ್ತು. ಆದರೆ ಅವು ಬಾಗಿಲು ಹಾಕಿಕೊಂಡು ಕಾದವು. ವಾರವೋ ಹತ್ತು ದಿನವೋ, ನಾನು ಅವುಗಳ ಮೇಲಿಂದಲೇ ಚಪ್ಪಲಿ ತೆಗೆದು ಹಾಕಿಕೊಂಡು ಓಡಾಡುತ್ತಿದ್ದಾಗ, ಅವು ಬದುಕೇ ಇದ್ದವು.

ಮೇ ತಿಂಗಳ ಮೊದಲಲ್ಲಿ ವಾಸನೆ ಶುರುವಾಯಿತು. ಮೊದಲು ಸಣ್ಣಗೆ, ಆಮೇಲೆ ಮೂಗು ಮುಚ್ಚಿಕೊಳ್ಳುವ ಹಾಗೆ. ಮೆಟ್ಟಿಲ ಹತ್ತಿರವೇ ಜಾಸ್ತಿ. ನನ್ನ ಮೂಗು ಒಂದೇ ಕ್ಷಣದಲ್ಲಿ ತೀರ್ಪು ಕೊಟ್ಟಿತು, ಇದು ಮೀನು. ನಾನು ಜನ್ಮದಲ್ಲಿ ಮೀನು ಮುಟ್ಟಿದವಳಲ್ಲ. ಮಾರ್ಕೆಟ್ಟಿನ ಪಕ್ಕ ಹಾದುಹೋಗುವಾಗ ಸೆರಗು ಅಡ್ಡ ಹಿಡಿದು ಬಿರಬಿರನೆ ನಡೆದಿದ್ದಷ್ಟೇ ನನ್ನ ಅನುಭವ. ಹಾಗಿದ್ದೂ ಅನುಮಾನವೇ ಬರಲಿಲ್ಲ.

ಅತ್ತೆ ಅನುಮಾನಪಟ್ಟರು. ಅವರಿಗೆ ಯಾವುದೋ ಜ್ವರ ಬಂದು ಹೋದಾಗಿನಿಂದ ವಾಸನೆ ಅಷ್ಟಾಗಿ ತಿಳಿಯುವುದಿಲ್ಲ. ಅದಕ್ಕೇ ಇರಬೇಕು, ಅವರು ಮೂಗು ಬಿಟ್ಟು ಮನುಷ್ಯರನ್ನು ನೋಡುತ್ತಾರೆ. ನಿಟ್ಟೂರಿನ ಕಡೆಯ ಒಕ್ಕಲು ಮನೆಯಿಂದ ಬಂದವರು, ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವರು. ಹುಡುಗಿ ಡ್ಯೂಟಿ ಮುಗಿಸಿ ಬಂದು ದಿನಾ ಅವರ ಹತ್ತಿರ ಹತ್ತು ನಿಮಿಷ ಕೂತು, ಅವರ ಬಿ.ಪಿ. ಮಾತ್ರೆಯ ಹಾಳೆ ನೋಡಿ, ಮೇಲೆ ಹೋಗುತ್ತಿದ್ದಳು.

“ಆ ಮಗ ಮಾತು ಕೊಟ್ಟದೆ ಕಣವ್ವ, ಮಾಡಿರಲ್ಲ ಬುಡು. ಎಲ್ಲಾದ್ರೂ ಇಲಿ ಸತ್ತದೇನೋ ನೋಡು” ಎಂದರು.

“ಇಲಿ ವಾಸನೆ ನನಗೆ ಗೊತ್ತಿಲ್ವಾ ಅತ್ತೆ?” ಎಂದೆ. ನಾನು ದನಿ ಏರಿಸಿದರೆ ನಮ್ಮ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ. ಯಜಮಾನರು ಏಣಿ ಹಾಕಿ ಅಟ್ಟ ನೋಡಿದರು, ನೀರಿನ ಟ್ಯಾಂಕು ನೋಡಿದರು. ನನ್ನ ಚಪ್ಪಲಿಯ ಹಿಂದೆ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ, ನನಗಂತೂ ಇಲ್ಲವೇ ಇಲ್ಲ.

ಒಂದು ಬೆಳಗ್ಗೆ ಹತ್ತು ಗಂಟೆಗೆ, ಅವಳು ಲ್ಯಾಬಿಗೆ ಹೋಗಿದ್ದಾಗ, ನಮ್ಮ ಹತ್ತಿರವಿದ್ದ ಇನ್ನೊಂದು ಕೀ ತೆಗೆದುಕೊಂಡು ನಾನು ಮೇಲೆ ಹೋದೆ. ಇದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಅವಳ ಹಾಸಿಗೆ ಮಡಚಿಟ್ಟಿತ್ತು. ಲ್ಯಾಬಿನ ಇನ್ನೊಂದು ಬಿಳಿ ಕೋಟು ಹ್ಯಾಂಗರಿನಲ್ಲಿತ್ತು. ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳ ಮುಚ್ಚಳ ಒಂದೊಂದಾಗಿ ತೆಗೆದೆ. ಒಂದರಲ್ಲಿ ಉಪ್ಸಾರು, ಇನ್ನೊಂದರಲ್ಲಿ ತಂಗಳು ಮುದ್ದೆ. ಬಾಣಲೆಯನ್ನು ಮೂಗಿನ ಹತ್ತಿರ ಹಿಡಿದೆ. ಉಪ್ಪಿನ ಡಬ್ಬಿ, ಖಾರದ ಡಬ್ಬಿ, ಅವರಮ್ಮ ಕಳಿಸಿದ್ದ ಹುರಿಗಾಳಿನ ಡಬ್ಬಿ, ಎಲ್ಲ ಮೂಸಿದೆ. ಕಸದ ಬುಟ್ಟಿಯನ್ನೂ ಬಿಡಲಿಲ್ಲ. ಅಲ್ಲಿ ವಾಸನೆಯೇ ಇರಲಿಲ್ಲ. ಅದನ್ನು ಅವಳ ಜಾಣತನದ ಲೆಕ್ಕಕ್ಕೆ ಸೇರಿಸಿದೆ. ಮೇ ತಿಂಗಳ ಧಗೆಯಲ್ಲೂ ಅಡುಗೆಮನೆಯ ಕಿಟಕಿ ಭದ್ರವಾಗಿ ಮುಚ್ಚಿತ್ತು. ಮುಚ್ಚಿಡುವಂಥದ್ದು ಏನೂ ಇಲ್ಲದಿದ್ದರೆ ಕಿಟಕಿ ಯಾಕೆ ಮುಚ್ಚುತ್ತಾರೆ ಎಂದು ನನ್ನನ್ನೇ ಕೇಳಿಕೊಂಡು ಕೆಳಗಿಳಿದೆ.

ಆ ಸಂಜೆ ಅವಳು ರೂಮಿಗೆ ಹೋಗಿ ಅಡುಗೆಗೆ ಏನೋ ತರಲು ಮತ್ತೆ ಕೆಳಗಿಳಿದಾಗ, ಮೆಟ್ಟಿಲ ಬುಡದಲ್ಲೇ ಅವಳನ್ನು ತಡೆದು ನಿಲ್ಲಿಸಿದೆ.

“ನೋಡಮ್ಮ, ನೀನು ಮಾತು ಕೊಟ್ಟಿದ್ದೆ. ಮನೆಯೆಲ್ಲ ಮೀನಿನ ವಾಸನೆ. ನಮ್ಮತ್ತೆಗೆ ಪೂಜೆ ಮಾಡೋಕಾಗ್ತಿಲ್ಲ.”

ಅತ್ತೆಯ ಮೂಗಿಗೆ ಏನೂ ತಟ್ಟಿರಲಿಲ್ಲ. ಅವರ ಹೆಸರನ್ನು ಸುಮ್ಮನೆ ಎಳೆದು ತಂದೆ.

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ, “ನಂಗೂ ಮೂರು ದಿನದಿಂದ ಬರ್ತಿದೆ ಮೇಡಂ, ನಾನೇ ನಿಮ್ಮನ್ನ ಕೇಳ್ಬೇಕು ಅಂತಿದ್ದೆ. ಇದು ಮೀನಲ್ಲ. ಚಿಪ್ಪಿನ ಹುಳ ಸತ್ರೆ ಹಿಂಗ್ ಬರುತ್ತೆ. ಬೇಸಿಗೇಲಿ ನಮ್ ಕೆರೆ ನೀರು ಇಳಿದಾಗ ದಡದಲ್ಲಿ ಇದೇ ವಾಸನೆ” ಎಂದಳು.

ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬೇಕು? ನಾವಿಬ್ಬರೂ ನಿಂತಿದ್ದ ಜಾಗಕ್ಕೂ ಆ ಕವರಿಗೂ ಮೂರಡಿ ಇರಲಿಲ್ಲ. ನಾನು ವಿಜ್ಞಾನದ ಟೀಚರು, ಹುಳುಗಳನ್ನು ತಂದವಳೂ ನಾನೇ. ಆ ಮಾತಿಗಾದರೂ ನನಗೆ ಕುಮಟಾ ನೆನಪಾಗಬೇಕಿತ್ತು. ನೆನಪಾಗಲಿಲ್ಲ. ಕೋಪ ಬಂದಾಗ ನನ್ನ ತಲೆಗೆ ಬೇರೆ ಯಾವುದೂ ಹೋಗುವುದಿಲ್ಲ.

“ಸದಾಶಿವನಗರದಲ್ಲಿ ಯಾವ ಕೆರೆ ಇದೆಯಮ್ಮ? ಈ ವಾಸನೆಗಳ ಬಗ್ಗೆ ಇಷ್ಟೊಂದು ಗೊತ್ತಿರೋಳು ಈ ಮನೇಲಿ ನೀನೊಬ್ಳೇ” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಅಳಲಿಲ್ಲ. “ಮೇಡಂ, ಬೆಳಗ್ಗೆ ನೀವು ನನ್ ರೂಮಿಗೆ ಬಂದಿದ್ರಾ?” ಎಂದು ಕೇಳಿದಳು.

“ಇಲ್ಲ” ಎಂದೆ.

“ಸರಿ ಮೇಡಂ” ಎಂದು ಮೇಲೆ ಹೋದಳು. ತಿಂಗಳು ಮುಗಿಯುವುದರೊಳಗೆ ಬೇರೆ ಕಡೆ ನೋಡಿಕೊಳ್ಳುವಂತೆ ನಾನು ಅವಳ ಬೆನ್ನಿಗೆ ಹೇಳಿದೆ. ಅವಳು ಅಷ್ಟು ದಿನ ನಿಲ್ಲಲಿಲ್ಲ. ನಾಲ್ಕನೇ ದಿನ ಒಂದು ಲಗೇಜ್ ಆಟೋ ಬಂತು. ಅತ್ತೆಯ ಕಾಲಿಗೆ ನಮಸ್ಕಾರ ಮಾಡಿ, ನನ್ನ ಕೈಗೆ ಕೀ ಕೊಟ್ಟು, ರೂಮು ಗುಡಿಸಿ ಒರೆಸಿದ್ದೇನೆ ಎಂದು ಹೇಳಿ ಹೋದಳು.

ಅದೇ ವಾರ ನನಗೊಂದು ಫೋನು. ಮರಳೂರಿನಲ್ಲಿ ಮನೆ ಬಾಡಿಗೆಗೆ ಕೊಡುವ ಒಬ್ಬ ಹೆಂಗಸು. ಹುಡುಗಿಯೇ ನನ್ನ ನಂಬರು ಕೊಟ್ಟಿದ್ದಳಂತೆ, ಮೊದಲಿದ್ದ ಮನೆಯವರನ್ನು ಬೇಕಾದರೆ ಕೇಳಿ ಎಂದು. ಅಷ್ಟಾದ ಮೇಲೂ ನಾನು ಅವಳ ಬಗ್ಗೆ ಕೆಟ್ಟದ್ದು ಹೇಳಲಾರೆ ಎಂದು ನಂಬಿದ್ದಳು. “ಹೆಂಗ್ರೀ ಆ ಹುಡ್ಗಿ?” ಎಂದು ಕೇಳಿದರು. “ಹುಡ್ಗಿ ಒಳ್ಳೇವ್ಳೇ. ಅಡಿಗೆ ವಿಷ್ಯ ಒಂದು ನೋಡ್ಕೊಳ್ಳಿ” ಎಂದೆ. “ಓ, ಹಂಗಾ” ಎಂದು ಫೋನಿಟ್ಟರು.

ಹುಡುಗಿ ಹೋದಳು, ವಾಸನೆ ಹೋಗಲಿಲ್ಲ. ಗೋಡೆಗೆ ಹಿಡಿದುಬಿಟ್ಟಿದೆ ಎಂದು ನಾನು ಮೆಟ್ಟಿಲಿಗೆಲ್ಲ ಫಿನಾಯಿಲ್ ಹಾಕಿ ಉಜ್ಜಿದೆ. ಪಕ್ಕದ ಮನೆಯವರು ಕೇಳಿದಾಗ, “ಮೇಲಿನೋರು ಏನೋ ಮಾಡ್ಕೊಂಡಿದ್ರು, ಬಿಡಿಸ್ದೆ” ಎಂದೂ ಹೇಳಿದೆ. ಮೇ ಕೊನೆಯಲ್ಲಿ ಸ್ಕೂಲು ಶುರುವಾಗುವ ಮುಂಚಿನ ದಿನ ಸ್ಯಾಂಡಲ್ಸ್ ಬೇಕಾಗಿ ಚಪ್ಪಲಿ ಸ್ಟ್ಯಾಂಡಿನ ತಳಕ್ಕೆ ಕೈ ಹಾಕಿದೆ. ಇರುವೆ ಸಾಲು. ಕವರಿನ ಗಂಟಿನಿಂದ ಕಪ್ಪು ನೀರು ಇಳಿದು ಒಣಗಿತ್ತು. ಬಿಚ್ಚಿದ ತಕ್ಷಣ ಮುಖಕ್ಕೆ ಹೊಡೆದಿದ್ದು ಅದೇ ವಾಸನೆ, ನಾನು ಅವಳ ಬಾಣಲೆಯಲ್ಲಿ ಹುಡುಕಿದ್ದ ವಾಸನೆ.

ಚಿಪ್ಪುಗಳ ಬಾಯಿ ತೆರೆದಿತ್ತು. ತೆಳ್ಳನೆಯ ಕಂದು ಮುಚ್ಚಳಗಳು ಉದುರಿ ಸ್ಯಾಂಡಲ್ಸ್‌ಗೆ ಅಂಟಿಕೊಂಡಿದ್ದವು. ನಾನು ಅಲ್ಲೇ ಮೆಟ್ಟಿಲ ಕೆಳಗೆ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಆ ಮನೆಯಲ್ಲಿ ಅಷ್ಟು ದಿನದಲ್ಲಿ ಜೀವ ತೆಗೆದವಳು ನಾನೊಬ್ಬಳೇ.

ಆಗಲಾದರೂ ಸರಿಯಾಗಿ ನಡೆದುಕೊಂಡೆನೇ? ಇಲ್ಲ. ಯಾರೂ ಬರುವ ಮುಂಚೆ ಕವರನ್ನು ಹಿತ್ತಲಿಗೆ ಒಯ್ದು, ದಾಸವಾಳದ ದೊಡ್ಡ ಕುಂಡದಲ್ಲಿ ಮಣ್ಣು ತೋಡಿ ಎಲ್ಲವನ್ನೂ ಹೂತುಹಾಕಿದೆ. ಕೈ ತೊಳೆದು ಒಳಗೆ ಬಂದೆ. “ಏನವ್ವ ಅದು?” ಎಂದರು ಅತ್ತೆ. “ಇಲಿ ಅತ್ತೆ, ಚಪ್ಪಲಿ ಹಿಂದೆ ಸತ್ತಿತ್ತು” ಎಂದೆ. “ನಾನು ಅವತ್ತೇ ಅಂದೆ” ಎಂದರು. ಹಾಗಾದರೆ ಆ ಹುಡುಗಿಗೆ ಫೋನು ಮಾಡಿ ಹೇಳು ಎಂದು ಯಜಮಾನರು ಪೇಪರಿನಿಂದ ತಲೆ ಎತ್ತದೆ ಅಂದರು. ಮಾಡುತ್ತೇನೆ ಎಂದೆ. ಮಾಡಲಿಲ್ಲ. ಮರಳೂರಿನ ಹೆಂಗಸಿಗೂ ಮಾಡಲಿಲ್ಲ.

ಜೂನ್‌ನಲ್ಲಿ ಒಂದು ಬೆಳಗ್ಗೆ ಗುಬ್ಬಿ ಬಸ್ಸಿಗೆ ಕಾಯುತ್ತಾ ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಕುಣಿಗಲ್ ಬಸ್ಸು ಬಂತು, ಅದು ನಿಲ್ಲುವ ಮೊದಲೇ ಅವಳು ಇಳಿದಳು. ಓಡುತ್ತಿದ್ದವಳು ನನ್ನನ್ನು ನೋಡಿ ನಿಂತಳು. ನಾನಾಗಿದ್ದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆ.

“ಚೆನ್ನಾಗಿದೀರಾ ಮೇಡಂ? ಅಜ್ಜಿ ಹೆಂಗಿದಾರೆ? ಮಾತ್ರೆ ತಗೋತಿದಾರಾ?”

“ಮರಳೂರಲ್ಲಿ ಮನೆ ಆಗಲಿಲ್ವಾ?” ಎಂದೆ. ಗೊತ್ತಿದ್ದೂ ಕೇಳಿದೆ.

“ಇಲ್ಲ ಮೇಡಂ. ಮೊದ್ಲು ಹೂಂ ಅಂದಿದ್ರು, ಆಮೇಲೆ ಯಾಕೋ ಬೇಡ ಅಂದ್ರು. ಊರಿಂದ್ಲೇ ಓಡಾಡ್ತಿದೀನಿ. ಲ್ಯಾಬಲ್ಲಿ ದಿನಾ ಬಯ್ಗುಳ, ಬೆಳಗಿನ ಕೆಲಸಕ್ಕೆ ಬೇರೆಯವ್ರನ್ನ ನೋಡ್ತಿದಾರೆ. ಬರ್ತೀನಿ ಮೇಡಂ, ಲೇಟಾಯ್ತು” ಎಂದು ಓಡಿದಳು.

ಆ ದಿನ ಕ್ಲಾಸಿನಲ್ಲಿ ಏನು ಪಾಠ ಮಾಡಿದೆನೋ ನನಗೆ ನೆನಪಿಲ್ಲ. ಮುಂದಿನ ಶನಿವಾರ ಮಧ್ಯಾಹ್ನ ಮನೆಗೆ ಬಂದಾಗ ಅತ್ತೆ ಹಿತ್ತಲಲ್ಲಿ ಕೂತಿದ್ದರು. ದಾಸವಾಳ ಬಾಡುತ್ತಿದೆಯೆಂದು ಕುಂಡದ ಮಣ್ಣು ಬಿಡಿಸಿದ್ದಾರೆ. ಅಂಗೈಯಲ್ಲಿ ನಾಲ್ಕು ಚಿಪ್ಪು ಇಟ್ಟುಕೊಂಡು ನನ್ನ ಕಡೆ ಚಾಚಿದರು.

“ಇಲಿಗೆ ಚಿಪ್ಪು ಇರ್ತದೇನವ್ವ?” ಎಂದರು.

ನಾನು ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಕೀ ತೆಗೆದುಕೊಂಡು ಹೋಗಿದ್ದು, ಫೋನಿನಲ್ಲಿ ಆಡಿದ ಮಾತು, ಎಲ್ಲ. ಅವರು ಬಯ್ಯಲಿಲ್ಲ. “ನನ್ ಪೂಜೆ ಯಾಕವ್ವ ಎಳ್ಕಂಡೆ ಅದ್ಕೆ?” ಎಂದು ಒಂದೇ ಒಂದು ಸಲ ಕೇಳಿದರು. ಆಮೇಲೆ ಚಿಪ್ಪುಗಳನ್ನು ಬಕೆಟ್ಟಿನ ನೀರಿಗೆ ಹಾಕಿ, “ನಾಳೀಕೆ ಹೋಗಿ ಹೇಳ್ಬುಟ್ಟು ಬಾ” ಎಂದರು.

ಬಾಡಿಗೆ ಕರಾರಿನ ಪತ್ರದಲ್ಲಿ ಅವಳ ವಿಳಾಸವಿತ್ತು. ಭಾನುವಾರ ಕುಣಿಗಲ್ ಬಸ್ಸು ಹತ್ತಿದೆ. ತೊಳೆದ ಚಿಪ್ಪುಗಳನ್ನು ಒಂದು ಸಣ್ಣ ಸ್ಟೀಲ್ ಡಬ್ಬಿಗೆ ಹಾಕಿಕೊಂಡಿದ್ದೆ, ಸಾಕ್ಷಿಗೆ. ಕೆರೆ ಏರಿಯ ಕೆಳಗಿನ ಬೀದಿ. ಮನೆ ಕೇಳಬೇಕಾಗಲಿಲ್ಲ, ಕಾಂಪೌಂಡಿನ ಮೇಲೆ ಬಲೆ ಒಣಹಾಕಿತ್ತು. ಅವಳ ತಾಯಿ ಬಾಗಿಲಿಗೆ ಬಂದು, ನಾನು ಯಾರೆಂದು ಹೇಳಿದ ಕೂಡಲೇ ಸೆರಗು ಸರಿಮಾಡಿಕೊಂಡು ಓಡಿಹೋಗಿ ಕುರ್ಚಿ ತಂದರು.

“ಬನ್ನಿ ಮೇಡಮ್ನೋರೆ, ಕುಂತ್ಕಳಿ. ಇವ್ಳು ಅಂಗಡಿಗೆ ಹೋಗವ್ಳೆ, ಈಗ ಬತ್ತಾಳೆ. ನಿಮ್ದೇ ಮಾತು ಯಾವಾಗ್ಲೂವೆ. ನಮ್ಮಂಥೋರ್ಗೆ ಆ ಬೀದೀಲಿ ಯಾರು ಮನೆ ಕೊಡ್ತಾರೆ? ನೀವು ಕೊಟ್ರಿ. ನಮ್ ಮನೇಲಿ ನೋಡ್ಕಳಾಕೆ ಜನ ಇಲ್ಲ ಅಂತ ಬಿಟ್ಟು ಬಂದ್ಲು, ಇಲ್ದಿದ್ರೆ ಅಲ್ಲೇ ಇರ್ತಿದ್ಲು.”

ಅಂದರೆ ಅವಳು ಮನೆಯಲ್ಲಿ ಹೇಳಿಯೇ ಇರಲಿಲ್ಲ. ನನ್ನ ಮಾನವನ್ನು ಅವಳು ಇಲ್ಲಿ ಕಾಪಾಡಿಕೊಂಡು ಕೂತಿದ್ದಳು. ಕುರ್ಚಿಯ ಮೇಲೆ ಕೂರುವುದಕ್ಕೆ ನನಗೆ ಮನಸ್ಸಾಗಲಿಲ್ಲ, ಆದರೂ ಕೂತೆ. ಆ ತಾಯಿ ಒಳಗೊಮ್ಮೆ ಹೊರಗೊಮ್ಮೆ ಓಡಾಡಿ, ಕೈಚೀಲ ಹಿಡಿದು ಹಿಂದಿನ ಬಾಗಿಲಿನಿಂದ ಎಲ್ಲಿಗೋ ಹೋಗಿ ಬಂದರು. ಅಷ್ಟರಲ್ಲಿ ಹುಡುಗಿ ಬಂದಳು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು.

ನಾನು ಡಬ್ಬಿ ತೆರೆದು ಅವಳ ಮುಂದೆ ಹಿಡಿದೆ. “ನೀನು ಹೇಳಿದ್ದೇ ಸರಿಯಮ್ಮ, ಚಿಪ್ಪಿನ ಹುಳ. ನಾನೇ ಸಮುದ್ರದಿಂದ ತಂದು ಚಪ್ಪಲಿ ಹಿಂದೆ ಇಟ್ಟು ಮರ್ತಿದ್ದೆ” ಎಂದೆ.

ಅವಳು ಒಂದು ಚಿಪ್ಪನ್ನು ತೆಗೆದು ಬೆಳಕಿಗೆ ಹಿಡಿದು, ಲ್ಯಾಬಿನ ಅಭ್ಯಾಸವಿರಬೇಕು, ತಿರುಗಿಸಿ ತಿರುಗಿಸಿ ನೋಡಿದಳು. “ಎಷ್ಟು ಚಿಕ್ಕದು” ಎಂದಳು.

“ನಿನ್ನ ರೂಮಿಗೂ ಹೋಗಿದ್ದೆ. ಸುಳ್ಳು ಹೇಳ್ದೆ.”

“ಗೊತ್ತಿತ್ತು ಮೇಡಂ. ಉಪ್ಪಿನ ಡಬ್ಬಿಗೆ ಖಾರದ ಡಬ್ಬಿ ಮುಚ್ಚಳ ಹಾಕಿದ್ರಿ.”

“ಮರಳೂರಿನವರು ಫೋನ್ ಮಾಡಿದ್ರು. ಅಡಿಗೆ ವಿಷ್ಯ ನೋಡ್ಕೊಳ್ಳಿ ಅಂದೆ. ಅದಕ್ಕೇ ಅವರು ಬೇಡ ಅಂದಿದ್ದು.”

ಇದು ಅವಳಿಗೆ ಗೊತ್ತಿರಲಿಲ್ಲ. ಮುಖದಲ್ಲಿದ್ದ ಅಷ್ಟೋ ಇಷ್ಟೋ ನಗು ಆರಿಹೋಯಿತು. ಅವಳ ತಾಯಿ ಹಿಂದಿನ ಬಾಗಿಲಿನ ಹತ್ತಿರ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಮೀನಿನ ವಾಸನೆಯ ಮಾತು, ಬಿಡಿಸಿದ ಮಾತು, ಎಲ್ಲ ಅವರಿಗೆ ಆಗಷ್ಟೇ ಗೊತ್ತಾಗಿದ್ದು. ಮತ್ತೆ ಹಿತ್ತಲಿಗೆ ಹೋದರು.

“ತಪ್ಪಾಯ್ತಮ್ಮ. ವಾಪಸು ಬಂದ್ಬಿಡು, ರೂಮು ಖಾಲಿನೇ ಇದೆ” ಎಂದೆ.

“ಬೇಡ ಮೇಡಂ. ಅಲ್ಲಿ ಒಗ್ಗರಣೆ ಹಾಕ್ಬೇಕಾದ್ರೂ ಕಿಟಕಿ ಮುಚ್ಕೊಂಡು ಹಾಕ್ತಿದ್ದೆ, ಬೆಳ್ಳುಳ್ಳಿ ವಾಸನೆಗೂ ನೀವೇನಾದ್ರೂ ಅಂದ್ಕೊಂಡ್ಬಿಟ್ರೆ ಅಂತ. ಇನ್ನು ಆಗಲ್ಲ ನನ್ ಕೈಲಿ.” ಚಿಪ್ಪನ್ನು ವಾಪಸು ಡಬ್ಬಿಗೆ ಹಾಕಿ, “ನಂಗೆ ಹೇಳಿದ್ರಿ, ಸರಿ. ಅವ್ರಿಗೂ ಹೇಳಿ. ಈಗ್ಲೇ ಹೇಳಿ” ಎಂದಳು.

ಅವಳ ಮುಂದೆಯೇ ಫೋನು ಮಾಡಿದೆ. ಸ್ಪೀಕರ್ ಹಾಕಿದೆ. ಹುಡುಗಿಯದೇನೂ ತಪ್ಪಿಲ್ಲ, ವಾಸನೆ ನನ್ನ ಚಪ್ಪಲಿ ಹಿಂದಿನದು, ನಾನು ಸುಳ್ಳು ಹೇಳಿದ್ದೆ ಎಂದು ತೊದಲುತ್ತಾ ಹೇಳಿದೆ. “ಅಯ್ಯೋ ಹೌದೇನ್ರೀ? ಹೋಗ್ಲಿ ಬಿಡಿ, ನಮ್ ಮನೆ ಆಗ್ಲೇ ಕೊಟ್ಟಾಯ್ತು” ಎಂದರು ಅವರು. ಹುಡುಗಿ ತಲೆಯಾಡಿಸಿದಳು. ನಮ್ಮ ರಸ್ತೆಯ ಪಕ್ಕದ ಮನೆಯವರಿಗೂ ಹೇಳುತ್ತೇನೆ ಎಂದೆ. ಆಮೇಲೆ ಹೇಳಿದೆ ಕೂಡ. ಆ ಗಳಿಗೆಯಲ್ಲಿ ನನಗೆ, ಸುಳ್ಳು ಯಾಕೆ ಹೇಳಲಿ, ಹಗುರವೆನ್ನಿಸಿತು. ಮಾಡಬೇಕಾದ್ದನ್ನು ಮಾಡಿದೆ, ನಾನು ಬದಲಾದೆ ಎಂದು ಒಳಗೊಳಗೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಆಗ ಅವಳ ತಾಯಿ ಬಂದರು. ಕೈಯಲ್ಲಿ ಬಿಸಿ ಉಪ್ಪಿಟ್ಟಿನ ತಟ್ಟೆ.

“ತಗಳಿ ಮೇಡಮ್ನೋರೆ. ತಟ್ಟೆ, ಬಾಣಲೆ ಎಲ್ಲಾವ ಮೇಲಿನ ಬೀದಿ ಅಯ್ನೋರ ಮನೇದು, ಇಸ್ಕೊಂಡ್ ಬಂದೆ. ನಮ್ ಪಾತ್ರೇಲಿ ಮಾಡಿಲ್ಲ. ಒಲೇನೂ ಹಿತ್ಲಲ್ಲಿ ಬ್ಯಾರೆ ಹೂಡಿದೀನಿ” ಎಂದರು. ನಾನು ಮಾಡಿದ್ದನ್ನೆಲ್ಲ ಕೇಳಿಸಿಕೊಂಡ ಮೇಲೂ ಅವರು ಉಪ್ಪಿಟ್ಟು ಕೆದಕುವುದನ್ನು ನಿಲ್ಲಿಸಿರಲಿಲ್ಲ.

ತಟ್ಟೆ ತೆಗೆದುಕೊಂಡೆ. ಕಣ್ಣು ತುಂಬಿಕೊಂಡಿತು. ಒಂದು ತುತ್ತು ಎತ್ತಿ, ಬಾಯಿಗಿಡುವ ಮೊದಲು, ನನಗೇ ತಿಳಿಯದೆ ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿದೆ.

ತಲೆ ಎತ್ತಿದರೆ ತಾಯಿ ಮಗಳು ಇಬ್ಬರೂ ನೋಡುತ್ತಿದ್ದರು.

“ವಾಸನೆ ಇಲ್ಲ ಮೇಡಂ, ತಿನ್ನಿ” ಎಂದಳು ಹುಡುಗಿ.